ಮೊಬೈಲ್ ಚಿಪ್: ದುಡಿಮೆ ಬೆಂಗಳೂರಿನದು, ಒಡೆತನ ಯಾರದು?

2025ರ ಕೊನೆಯ ತಿಂಗಳುಗಳಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಕಡಿದಾಗಿ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ವಿಶೇಷ ಮೆಮೊರಿಯತ್ತ ತಯಾರಕರು ತಮ್ಮ ಕಾರ್ಖಾನೆಗಳ ಸಾಮರ್ಥ್ಯವನ್ನು ತಿರುಗಿಸಿದ್ದು ಇದಕ್ಕೆ ಮುಖ್ಯ ಕಾರಣ. ಈ ಸರಕಿನ ಜಾಗತಿಕ ಉತ್ಪಾದನೆಯ ಬಹುಪಾಲು ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕೈಯಲ್ಲಿದೆ. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ದಶಕಗಳಿಂದ ಮೆಮೊರಿ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ದುಬಾರಿ ಫೋನುಗಳ ತಯಾರಕರು ಈ ಏರಿಕೆಯನ್ನು ತಮ್ಮ ಲಾಭದಲ್ಲಿ ಹೇಗೋ ನುಂಗಿಕೊಳ್ಳಬಲ್ಲರು. ಹತ್ತು ಸಾವಿರ ರೂಪಾಯಿಯ ಒಳಗಿನ ಫೋನು ಮಾರುವವರಿಗೆ ಅಂತಹ ಅವಕಾಶವಿಲ್ಲ. ಒಂದೋ ಬೆಲೆ ಏರಿಸಬೇಕು, ಇಲ್ಲವೇ ಫೋನಿನ ಮೆಮೊರಿಯನ್ನು ತಗ್ಗಿಸಬೇಕು ಎಂಬ ಇಕ್ಕಟ್ಟು ಅವರದಾಯಿತು.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇದನ್ನು ಅರ್ಥ ಮಾಡಿಸಲು ಅರ್ಥಶಾಸ್ತ್ರ ಬೇಕಿಲ್ಲ. ನಾನು ಮಾನ್ವಿ ತಾಲ್ಲೂಕಿನ ಕುರ್ಡಿಯವನು. ಕಾಲುವೆಯ ಮೇಲ್ಭಾಗದಲ್ಲಿ ಎಕರೆಗಟ್ಟಲೆ ಭತ್ತ ನಿಂತಿರುವಾಗ ಕೊನೆಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ಗೇಜ್ ನೋಡುತ್ತ, ಎಂಜಿನಿಯರರ ಕಚೇರಿಗೆ ಮುತ್ತಿಗೆ ಹಾಕುತ್ತ ಕಾಯುವುದು ನಮ್ಮ ಕಡೆ ವರ್ಷವರ್ಷವೂ ನಡೆಯುವ ಸಂಗತಿ. ನೀರಿನ ಒಟ್ಟು ಪ್ರಮಾಣ ಎಷ್ಟೆಂಬುದಕ್ಕಿಂತ ತೂಬಿನ ಬಳಿ ಯಾರಿದ್ದಾರೆ ಎಂಬುದೇ ಅಲ್ಲಿ ನಿರ್ಣಾಯಕ. ಚಿಪ್‌ಗಳ ಮಾರುಕಟ್ಟೆಯಲ್ಲೂ ತೂಬಿನ ಬಳಿ ಕೆಲವರು ಕುಳಿತಿದ್ದಾರೆ. ಕೊನೆಭಾಗದಲ್ಲಿ ಅಗ್ಗದ ಫೋನು ಕೊಳ್ಳುವವನಿದ್ದಾನೆ.

ಫೋನಿನ ಬೆಲೆ ಏರಿದರೆ ಅದೇನು ಮಹಾ, ಅನ್ನವೇ ಬಟ್ಟೆಯೇ ಎಂದು ಕೇಳುವವರು ಉಂಟು. ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಬೆಲೆ ಇತ್ತು. 2020ರಲ್ಲಿ ರಾಜ್ಯ ಸರ್ಕಾರವು ರೈತನೇ ತನ್ನ ಹೊಲದ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ವ್ಯವಸ್ಥೆಯನ್ನು ತಂದಿತು. ಬೆಳೆ ವಿಮೆಗೆ, ಬೆಳೆ ಹಾನಿ ಪರಿಹಾರಕ್ಕೆ ಈ ಸಮೀಕ್ಷೆಯ ದಾಖಲೆಯೇ ಆಧಾರ. 2023ರ ಜನವರಿಯಿಂದ ನರೇಗಾ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನು ಫೋಟೊ ಸಮೇತ ಮೊಬೈಲ್‌ನಲ್ಲೇ ಹಾಕಬೇಕೆಂಬ ನಿಯಮ ಕಡ್ಡಾಯವಾಯಿತು. ಉದ್ಯೋಗ ಬೇಡುವವರ ಸಂಖ್ಯೆ ದೊಡ್ಡದಾಗಿರುವ ನಮ್ಮ ಜಿಲ್ಲೆಯಲ್ಲಿ, ಮೇಟಿಯ ಕೈಯಲ್ಲಿದ್ದ ಫೋನು ಕೆಟ್ಟರೆ ಹಾಜರಿಯೇ ತಪ್ಪುವ ಸ್ಥಿತಿ ಹುಟ್ಟಿತು. ಅಂಗನವಾಡಿ ಕಾರ್ಯಕರ್ತೆಯ ರಿಜಿಸ್ಟರು ಮೊಬೈಲಿಗೆ ಹೋಯಿತು, ಬ್ಯಾಂಕಿನ ಗುಪ್ತಸಂಖ್ಯೆ ಮೊಬೈಲಿಗೆ ಬಂತು. ಹಿಂದೆ ತಾಲ್ಲೂಕು ಕಚೇರಿಯ ಕಿಟಕಿಯನ್ನು ಸರ್ಕಾರ ತನ್ನ ಖರ್ಚಿನಲ್ಲಿ ಕಟ್ಟಿಸುತ್ತಿತ್ತು. ಈಗ ಪ್ರಜೆಯೇ ಆ ಕಿಟಕಿಯನ್ನು ತನ್ನ ದುಡ್ಡಿನಿಂದ ಕೊಂಡು ಜೇಬಿನಲ್ಲಿಟ್ಟುಕೊಳ್ಳಬೇಕಾಗಿದೆ. ಹಾಗಿರುವಾಗ ಅದರ ಬೆಲೆಯನ್ನು ಯಾರು, ಎಲ್ಲಿ ನಿರ್ಧರಿಸುತ್ತಾರೆ ಎಂಬುದು ಸಾರ್ವಜನಿಕ ಪ್ರಶ್ನೆಯಾಗುತ್ತದೆ.

ಫೋನಿನಲ್ಲಿ ಇರುವುದು ಒಂದು ಚಿಪ್ ಅಲ್ಲ, ಹಲವು. ಲೆಕ್ಕ ಮಾಡುವ ಮುಖ್ಯ ಸಂಸ್ಕಾರಕ, ಗೋಪುರದೊಡನೆ ಮಾತನಾಡುವ ಮೋಡೆಮ್, ಮೆಮೊರಿ, ಬ್ಯಾಟರಿಯ ವಿದ್ಯುತ್ತನ್ನು ಹಂಚುವ ಚಿಪ್, ಪರದೆಯನ್ನು ನಡೆಸುವ ಚಿಪ್. ಮೊದಲಿನ ಎರಡನ್ನು ಈಗ ಸಾಮಾನ್ಯವಾಗಿ ಒಂದೇ ತುಣುಕಿನಲ್ಲಿ ಕೂಡಿಸುತ್ತಾರೆ. ಈ ಉದ್ಯಮದ ಅರ್ಥಶಾಸ್ತ್ರ ವಿಚಿತ್ರವಾದದ್ದು. ಹೊಸ ಚಿಪ್ಪೊಂದನ್ನು ವಿನ್ಯಾಸಗೊಳಿಸಿ, ಪರೀಕ್ಷಿಸಿ, ಅಚ್ಚು ಮಾಡಿಸುವ ಹೊತ್ತಿಗೆ ಕೋಟ್ಯಂತರ ಡಾಲರು ಖರ್ಚಾಗಿರುತ್ತದೆ. ಅದಾದ ಮೇಲೆ ಒಂದೊಂದು ಪ್ರತಿಯ ವೆಚ್ಚ ಅಲ್ಪ. ಸ್ಥಿರ ವೆಚ್ಚ ಬೆಟ್ಟದಷ್ಟು, ಸೀಮಾಂತ ವೆಚ್ಚ ಸಾಸಿವೆಯಷ್ಟು ಇರುವ ಕಡೆ ಪೈಪೋಟಿ ಬಹುಕಾಲ ಉಳಿಯುವುದಿಲ್ಲ. ಹತ್ತಾರು ಕೋಟಿ ಪ್ರತಿಗಳನ್ನು ಮಾರಬಲ್ಲವನು ಬದುಕುತ್ತಾನೆ, ಲಕ್ಷಗಳಲ್ಲಿ ಮಾರುವವನು ಮುಳುಗುತ್ತಾನೆ.

ಇತಿಹಾಸ ಇದನ್ನು ಚೆನ್ನಾಗಿಯೇ ತೋರಿಸಿದೆ. ನೋಕಿಯಾ ಮೆರೆಯುತ್ತಿದ್ದ ಕಾಲದಲ್ಲಿ ಅದರ ಫೋನುಗಳಿಗೆ ಚಿಪ್ ಒದಗಿಸಿ ಬೆಳೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2008ರಲ್ಲಿ ಮೋಡೆಮ್ ವ್ಯವಹಾರದಿಂದ, 2012ರಲ್ಲಿ ಸ್ಮಾರ್ಟ್‌ಫೋನ್ ಸಂಸ್ಕಾರಕಗಳಿಂದ ಹಿಂದೆ ಸರಿಯಿತು. ಇಂಟೆಲ್ ತನ್ನ 'ಎಕ್ಸ್‌ಸ್ಕೇಲ್' ಕೈಸಾಧನ ಚಿಪ್‌ಗಳನ್ನು 2006ರಲ್ಲಿ 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿತು. ಐಫೋನ್ ಬಂದು ಮಾರುಕಟ್ಟೆಯನ್ನೇ ತಿರುವಿಹಾಕಿದ್ದು ಅದರ ಮರುವರ್ಷ! ಮತ್ತೆ ಮೋಡೆಮ್‌ಗೆ ಕೈಹಾಕಿದ ಇಂಟೆಲ್ 2019ರಲ್ಲಿ ಅದನ್ನೂ ಆ್ಯಪಲ್‌ಗೆ ಒಪ್ಪಿಸಿತು. ಬ್ರಾಡ್‌ಕಾಮ್ 2014ರಲ್ಲಿ, ಎನ್‌ವಿಡಿಯಾ 2015ರಲ್ಲಿ ಮೋಡೆಮ್ ಬಿಟ್ಟವು. ಉಳಿದವರು ಕೆಲವೇ ಮಂದಿ: ಅಮೆರಿಕದ ಕ್ವಾಲ್ಕಾಂ, ತೈವಾನಿನ ಮೀಡಿಯಾಟೆಕ್, ಚೀನಾದ ಯುನಿಸಾಕ್, ತಮ್ಮ ಫೋನಿಗೆ ತಾವೇ ಮಾಡಿಕೊಳ್ಳುವ ಆ್ಯಪಲ್, ಸ್ಯಾಮ್ಸಂಗ್ ಮತ್ತು ಹುವಾವೆ. ಇವರಲ್ಲಿ ಬಹುಮಂದಿಯ ಸಂಸ್ಕಾರಕಗಳಿಗೆ ತಳಹದಿ ಬ್ರಿಟನ್ನಿನ ಆರ್ಮ್ ಕಂಪನಿಯಿಂದ ಪರವಾನಗಿ ಪಡೆದ ವಿನ್ಯಾಸ. ಅತ್ಯಾಧುನಿಕ ಚಿಪ್‌ಗಳನ್ನು ಅಚ್ಚು ಹಾಕಿಕೊಡಬಲ್ಲ ಮುಖ್ಯ ಕಾರ್ಖಾನೆ ತೈವಾನಿನ ಟಿಎಸ್‌ಎಂಸಿ. ಅಮೆರಿಕ 2020ರಲ್ಲಿ ಬಿಗಿಮಾಡಿದ ನಿರ್ಬಂಧಗಳಿಂದ ಈ ಕಾರ್ಖಾನೆಯ ಬಾಗಿಲು ಹುವಾವೆಗೆ ಮುಚ್ಚಿದಾಗ, ಜಗತ್ತಿನ ದೊಡ್ಡ ಫೋನ್ ಕಂಪನಿಗಳಲ್ಲಿ ಒಂದು ಎರಡೇ ವರ್ಷಗಳಲ್ಲಿ ಮಾರುಕಟ್ಟೆಯ ಅಂಚಿಗೆ ಸರಿಯಿತು. ಮತ್ತೆ ಸ್ವಂತ ಚಿಪ್ಪಿನೊಡನೆ ಅದು ಎದ್ದು ನಿಂತದ್ದು 2023ರಲ್ಲಿ, ಚೀನಾದ ಕಾರ್ಖಾನೆಯ ನೆರವಿನಿಂದ.

ಈ ಕಥೆಯಲ್ಲಿ ಕರ್ನಾಟಕದ ಪಾತ್ರ ಚಿಕ್ಕದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆದಾಗ, ಉಪಗ್ರಹ ಸಂಪರ್ಕದ ತಟ್ಟೆಯ ಭಾಗಗಳು ಎತ್ತಿನ ಗಾಡಿಯಲ್ಲಿ ಬಂದವೆಂಬುದು ಆ ನಗರದ ಪುರಾಣಗಳಲ್ಲೊಂದು. ಮುಂದೆ ಅಗ್ಗದ ಫೋನುಗಳಿಗಾಗಿ ಆ ಕಂಪನಿ ರೂಪಿಸಿದ ಏಕಚಿಪ್ ಪರಿಹಾರದಲ್ಲಿ ಬೆಂಗಳೂರಿನ ಎಂಜಿನಿಯರುಗಳ ದುಡಿಮೆಯಿತ್ತು. ಇಂದು ಕ್ವಾಲ್ಕಾಂ, ಮೀಡಿಯಾಟೆಕ್, ಸ್ಯಾಮ್ಸಂಗ್, ಆರ್ಮ್ ಎಲ್ಲರ ವಿನ್ಯಾಸ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ಜಗತ್ತಿನ ಚಿಪ್ ವಿನ್ಯಾಸಕರಲ್ಲಿ ಸುಮಾರು ಶೇ 20ರಷ್ಟು ಮಂದಿ ಭಾರತದಲ್ಲಿದ್ದಾರೆಂದು ಕೇಂದ್ರ ಸರ್ಕಾರವೇ ಹೇಳುತ್ತ ಬಂದಿದೆ. ಕುರ್ಡಿಯ ಕಿರಾಣಿ ಅಂಗಡಿಯವನ ಕೈಯಲ್ಲಿರುವ ಫೋನಿನ ಒಳಗೆ ಬೆಂಗಳೂರಿನ ಯಾವುದೋ ಎಂಜಿನಿಯರಳು ರಾತ್ರಿಯೆಲ್ಲ ಕುಳಿತು ಪರೀಕ್ಷಿಸಿದ ಒಂದು ಭಾಗ ಇರುವ ಸಂಭವ ಹೆಚ್ಚು. ಆಕೆಗೆ ಒಳ್ಳೆಯ ಸಂಬಳ ಸಿಕ್ಕಿದೆ. ಆ ವಿನ್ಯಾಸದ ಹಕ್ಕು ಮಾತ್ರ ಸ್ಯಾನ್ ಡಿಯೇಗೊದಲ್ಲೋ ಸಿಂಚುವಿನಲ್ಲೋ ಇದೆ. ಚಿಪ್ ಎಷ್ಟು ಬೆಲೆಗೆ, ಯಾರಿಗೆ, ಯಾವ ವರ್ಷದವರೆಗೆ ಸಿಗಬೇಕೆಂಬ ತೀರ್ಮಾನವೂ ಅಲ್ಲಿಯದೇ.

ನಮ್ಮಲ್ಲಿ ಸ್ವಂತದ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ 'ಸಿಂಪ್ಯೂಟರ್' ನೆನಪಿರಬಹುದು. ಅಕ್ಷರ ಬಾರದವನೂ ಬಳಸಬಲ್ಲ, ಹಲವರು ಹಂಚಿಕೊಳ್ಳಬಲ್ಲ ಅಂಗೈ ಕಂಪ್ಯೂಟರ್ ಅದು. 2001ರಲ್ಲಿ ಅದರ ಮಾದರಿ ಹೊರಬಂದಾಗ ಜಗತ್ತಿನ ಪತ್ರಿಕೆಗಳು ಕೊಂಡಾಡಿದವು. 2004ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ 'ಅಮಿದ' ಹೆಸರಿನಿಂದ ಅದು ಮಾರುಕಟ್ಟೆಗೆ ಬಂತು. ನಮ್ಮದೇ ಸರ್ಕಾರ ಭೂದಾಖಲೆಗಳ ಕೆಲಸಕ್ಕೆ ಅದನ್ನು ಬಳಸಿತು. ಆದರೂ ಮಾರಾಟವಾದದ್ದು ಕೆಲವೇ ಸಾವಿರ. ಸರ್ಕಾರ ಬೆಂಬಲಿಸಲಿಲ್ಲ, ಜನ ಅರ್ಥಮಾಡಿಕೊಳ್ಳಲಿಲ್ಲ ಎಂದು ಈಗಲೂ ಹೇಳಲಾಗುತ್ತದೆ. ನನಗೆ ಕಾಣುವ ಕಾರಣ ಬೇರೆ. ಅದರ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭವಾಗುತ್ತಿತ್ತು. ಅದರ ಹೃದಯದಲ್ಲಿದ್ದದ್ದು ಇಂಟೆಲ್‌ನ 'ಸ್ಟ್ರಾಂಗ್‌ಆರ್ಮ್' ಚಿಪ್. ಶ್ರೀಮಂತ ದೇಶಗಳ ಅಂಗೈ ಕಂಪ್ಯೂಟರುಗಳಿಗಾಗಿ ಮಾಡಿದ ಚಿಪ್ಪಿನ ಮೇಲೆ ಬಡವರ ಸಾಧನವನ್ನು ಕಟ್ಟಲಾಗಿತ್ತು. ಹಾರ್ಡ್‌ವೇರ್ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ ಉದಾತ್ತ ಪ್ರಯತ್ನದಲ್ಲೂ ಬೆಲೆ ತಗ್ಗಿಸುವ ಕೀಲಿ ತಂಡದ ಕೈಯಲ್ಲಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನನ್ನು ಹಳ್ಳಿಹಳ್ಳಿಗೆ ತಲುಪಿಸತೊಡಗಿತ್ತು. ಆ ಫೋನುಗಳ ಒಳಗಿದ್ದ ತಂತ್ರಜ್ಞಾನ ಕ್ವಾಲ್ಕಾಂನದು.

ಅಗ್ಗದ ಫೋನಿನ ನಿಜವಾದ ಕ್ರಾಂತಿ ಮಾಡಿದ್ದು ಮೀಡಿಯಾಟೆಕ್. ಅದು ಬರಿಯ ಚಿಪ್ ಮಾರಲಿಲ್ಲ. ಫೋನಿನ ನಕ್ಷೆ, ತಂತ್ರಾಂಶ, ಯಾವ ಬಿಡಿಭಾಗವನ್ನು ಯಾರಿಂದ ಕೊಳ್ಳಬೇಕೆಂಬ ಪಟ್ಟಿ ಎಲ್ಲವನ್ನೂ ಕಟ್ಟಿ ಕೊಟ್ಟಿತು. ಕೊಂಡವನು ಮೇಲ್ಕವಚವನ್ನೂ ಹೆಸರನ್ನೂ ಆರಿಸಿಕೊಂಡರೆ ಸಾಕಿತ್ತು. ಶೆನ್‌ಜೆನ್ನಿನ ಓಣಿಗಳಲ್ಲಿ ನೂರಾರು ಬ್ರಾಂಡುಗಳು ಹುಟ್ಟಿದ್ದು ಹೀಗೆ. ನಮ್ಮ ಮೈಕ್ರೋಮ್ಯಾಕ್ಸ್, ಲಾವಾ, ಬೆಂಗಳೂರಿನ ಯುಟಿಎಲ್ ಸಮೂಹ ಪಾಲುದಾರನಾಗಿದ್ದ ಕಾರ್ಬನ್ ಬೆಳೆದದ್ದೂ ಇದೇ ಹಾದಿಯಲ್ಲಿ. 2008ರಲ್ಲಿ ಮೈಕ್ರೋಮ್ಯಾಕ್ಸ್ ತಂದ, ಒಂದು ತಿಂಗಳ ಕಾಲ ಬ್ಯಾಟರಿ ಬಾಳುವ ಫೋನು ಕರೆಂಟಿನ ಕಣ್ಣುಮುಚ್ಚಾಲೆಯ ನಮ್ಮಂತಹ ಊರುಗಳ ನಾಡಿಯನ್ನು ಹಿಡಿದಿತ್ತು. ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ತು ಹುಟ್ಟಿಸುತ್ತ ಕತ್ತಲೆಯಲ್ಲಿ ಕುಳಿತ ಜಿಲ್ಲೆ ನಮ್ಮದು, ಅದು ಬೇರೆ ಮಾತು. ಆದರೆ ಎಲ್ಲರಿಗೂ ಸಿಗುವ ಕಟ್ಟು ಯಾರಿಗೂ ವಿಶೇಷ ಬಲ ಕೊಡುವುದಿಲ್ಲ. 2016ರಲ್ಲಿ ಜಿಯೊ 4ಜಿ ತಂದಿತು. ಅದೇ ಹೊತ್ತಿಗೆ ಚೀನಾದ ಶಿಯೊಮಿ, ವಿವೊ, ಒಪ್ಪೊ ಅದೇ ಚಿಪ್ ಮಾರಾಟಗಾರರಿಂದ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಬೇಗ ಸರಕು ಪಡೆದವು. ಎರಡು ಮೂರು ವರ್ಷಗಳಲ್ಲಿ ಭಾರತೀಯ ಬ್ರಾಂಡುಗಳು ಕರಗಿದವು. ಬಾಡಿಗೆ ಮನೆಗೆ ಎಷ್ಟು ಬಣ್ಣ ಬಳಿದರೂ ಮನೆ ಮಾಲೀಕನದೇ.

ಚಿಪ್ಪಿನ ಮಟ್ಟದಲ್ಲೂ ಬೆಂಗಳೂರು ಸಾಹಸ ಮಾಡಿದೆ. ಬೀಸಿಮ್ ಕಮ್ಯುನಿಕೇಷನ್ಸ್ ಎಂಬ ಕಂಪನಿ ಅಮೆರಿಕದಲ್ಲಿ ಮತ್ತು ಬೆಂಗಳೂರಿನಲ್ಲಿ ಕುಳಿತು ವೈಮ್ಯಾಕ್ಸ್ ಚಿಪ್ ರೂಪಿಸಿ ಆ ಕ್ಷೇತ್ರದ ಮುಂಚೂಣಿಗೆ ಬಂತು. 2010ರಲ್ಲಿ ಬ್ರಾಡ್‌ಕಾಮ್ ಅದನ್ನು 31.6 ಕೋಟಿ ಡಾಲರಿಗೆ ಕೊಂಡಿತು. ವೈಮ್ಯಾಕ್ಸ್ ಮಾನದಂಡ ಸೋತಿತು, ನಾಲ್ಕು ವರ್ಷಗಳ ಬಳಿಕ ಕೊಂಡವನೇ ಮೋಡೆಮ್ ವ್ಯವಹಾರದಿಂದ ಎದ್ದುಹೋದ. ಬೆಂಗಳೂರಿನ ಸಿಗ್ನಲ್‌ಚಿಪ್ 2019ರಲ್ಲಿ 4ಜಿ ಮತ್ತು 5ಜಿ ಚಿಪ್‌ಗಳನ್ನು ಪ್ರಕಟಿಸಿತು. ಆ ಸರಣಿಗೆ ಇಟ್ಟ ಹೆಸರು 'ಆಗುಂಬೆ'. ಹೆಸರು ಕೇಳಿ ನಾನೂ ಹಿಗ್ಗಿದವನೇ. ಸಾಂಖ್ಯ ಲ್ಯಾಬ್ಸ್ ಸಿಮ್ ಅಥವಾ ಅಂತರ್ಜಾಲದ ಹಂಗಿಲ್ಲದೆ ಮೊಬೈಲಿಗೆ ನೇರ ಪ್ರಸಾರ ಮುಟ್ಟಿಸುವ ಚಿಪ್ಪಿನ ಮೇಲೆ ಕೆಲಸ ಮಾಡಿತು. 2022ರಲ್ಲಿ ಅದು ಟಾಟಾ ಒಡೆತನದ, ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್‌ನ ಪಾಲಾಯಿತು. ಇವರಲ್ಲಿ ಬುದ್ಧಿಶಕ್ತಿಯ ಕೊರತೆ ಯಾರಿಗೂ ಇರಲಿಲ್ಲ. ಚಿಪ್ ಮಾಡಿ ತೋರಿಸುವುದು ಒಂದು, ಕೋಟಿ ಸಂಖ್ಯೆಯ ಖರೀದಿ ಆದೇಶ ಸಿಗುವುದು ಇನ್ನೊಂದು. ಮೊದಲ ಖರೀದಿದಾರ ಇಲ್ಲದವನಿಗೆ ಎರಡನೆಯ ಚಿಪ್ ಮಾಡಲು ದುಡ್ಡು ಹುಟ್ಟುವುದಿಲ್ಲ.

ಇಂಥ ಪರಿಸ್ಥಿತಿಯಲ್ಲಿ ಸಾರ್ವಜನಿಕ ಹಣ ಎಲ್ಲಿ ಹೋಗುತ್ತಿದೆ? ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮವನ್ನು ಪ್ರಕಟಿಸಿತು. ಅದರ ಬಹುಭಾಗ ಕಾರ್ಖಾನೆಗಳಿಗೆ. ಗುಜರಾತಿನ ಧೋಲೇರಾದಲ್ಲಿ ತೈವಾನಿನ ಪಿಎಸ್‌ಎಂಸಿ ಜತೆ ಸೇರಿ ಟಾಟಾ ಕಟ್ಟುವ 91,000 ಕೋಟಿ ರೂಪಾಯಿಯ ಕಾರ್ಖಾನೆಗೆ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಮೈಕ್ರಾನ್ ಸಾಣಂದದಲ್ಲಿ ಸ್ಥಾಪಿಸಲು 2023ರಲ್ಲಿ ಒಪ್ಪಿದ ಜೋಡಣೆ ಮತ್ತು ಪರೀಕ್ಷಾ ಘಟಕದ ವೆಚ್ಚ 275 ಕೋಟಿ ಡಾಲರ್. ಅದರಲ್ಲಿ ಶೇ 50 ಕೇಂದ್ರದ್ದು, ಶೇ 20 ಗುಜರಾತ್ ಸರ್ಕಾರದ್ದು, ಕಂಪನಿಯ ಪಾಲು 82.5 ಕೋಟಿ ಡಾಲರಿನವರೆಗೆ ಮಾತ್ರ. ವಿನ್ಯಾಸಕಾರರಿಗೆ ಮೀಸಲಿಟ್ಟ ಯೋಜನೆಯಲ್ಲಿ ಒಂದು ಅರ್ಜಿಗೆ ವೆಚ್ಚದ ಅರ್ಧದಷ್ಟು, ಅದೂ 15 ಕೋಟಿ ರೂಪಾಯಿಯ ಮಿತಿಯೊಳಗೆ, ನೆರವು ಸಿಗುತ್ತದೆ. ಮುಂದೆ ಮಾರಾಟವಾದರೆ 30 ಕೋಟಿಯವರೆಗೆ ಪ್ರೋತ್ಸಾಹಧನ. ಮುಂದುವರಿದ ಫೋನ್ ಚಿಪ್ಪಿನ ವಿನ್ಯಾಸಕ್ಕೆ 15 ಕೋಟಿ ಎಂದರೆ ಮದುವೆಗೆ ಎಲೆಯಡಿಕೆಯ ಖರ್ಚು ಕೊಟ್ಟಂತೆ.

ಮೈಸೂರಿನ ಕೇನ್ಸ್ ಕಂಪನಿಯ ಚಿಪ್ ಜೋಡಣೆ ಘಟಕವೂ 2024ರಲ್ಲಿ ಸಾಣಂದಕ್ಕೇ ಮಂಜೂರಾಯಿತು. ನಮ್ಮ ರಾಜ್ಯಕ್ಕೆ ಬರಬಯಸುವ ಕಂಪನಿಗಳನ್ನು ಗುಜರಾತ್, ಅಸ್ಸಾಂಗಳತ್ತ ತಳ್ಳಲಾಗುತ್ತಿದೆ ಎಂದು ನಮ್ಮ ಸಚಿವರು 2025ರಲ್ಲಿ ದೂರಿದ್ದು ಸುದ್ದಿಯಾಯಿತು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದು ತಪ್ಪು ಬಾಗಿಲನ್ನು ತಟ್ಟುತ್ತಿದೆ ಎಂದು ನನಗೆ ಅನ್ನಿಸುತ್ತದೆ. ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನು ಜೋಡಿಸುವ ಕಾರ್ಖಾನೆಗಳು ಬಂದಿವೆ. ಉದ್ಯೋಗದ ದೃಷ್ಟಿಯಿಂದ ಅವು ಬೇಕು, ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಸಿಕ್ಕಿರುವುದು ಸಣ್ಣ ಮಾತಲ್ಲ. ಜೋಡಣೆಯಿಂದ ಬೆಲೆಯ ಮೇಲೆ ಹಿಡಿತ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಮೈಕ್ರಾನ್ ಉದಾಹರಣೆಯನ್ನೇ ನೋಡಿ. ಘಟಕದ ವೆಚ್ಚದ ಶೇ 70ರಷ್ಟನ್ನು ಸಾರ್ವಜನಿಕ ಬೊಕ್ಕಸ ಹೊರುವ ಒಪ್ಪಂದವಾಗಿದ್ದರೂ, ಯಾವ ಗ್ರಾಹಕರಿಗೆ ಮೆಮೊರಿ ಕೊಡಬೇಕು, ಯಾರನ್ನು ಕೈಬಿಡಬೇಕು ಎಂಬ 2025ರ ತೀರ್ಮಾನದಲ್ಲಿ ನಮ್ಮ ದನಿಗೆ ಎಡೆಯೇ ಇರಲಿಲ್ಲ. ತಮ್ಮ ಷೇರುದಾರರ ಹಿತ ನೋಡಿದ್ದಕ್ಕೆ ಅವರನ್ನು ದೂರಿ ಫಲವೂ ಇಲ್ಲ.

ಹಾಗಾದರೆ ಸರ್ಕಾರ ಬೆಲೆ ನಿಯಂತ್ರಿಸಲಿ ಎನ್ನುವವರಿಗೆ ನಮ್ಮ ಭಾಗದ ಹತ್ತಿಬೀಜದ ಅನುಭವವನ್ನು ನೆನಪಿಸಬೇಕು. ರಾಯಚೂರು, ದೇವದುರ್ಗ, ಮಾನ್ವಿಗಳ ಎರೆಭೂಮಿಯಲ್ಲಿ 2002ರ ನಂತರ ಬಿಟಿ ಹತ್ತಿ ಹಬ್ಬಿತು. ಬೀಜದ ಪೊಟ್ಟಣದ ಬೆಲೆಯಲ್ಲಿ ಮಾನ್ಸಾಂಟೊ ಪಾಲುದಾರ ಕಂಪನಿಗೆ ಹೋಗುವ ತಂತ್ರಜ್ಞಾನ ಶುಲ್ಕ ಅಡಗಿತ್ತು. ಬೀಜವನ್ನು ಬೆಳೆದವನು ಬೇರೆ, ಮಾರಿದವನು ಬೇರೆ, ಒಳಗಿನ ವಂಶವಾಹಿಯ ಒಡೆಯ ಇನ್ನೊಬ್ಬ. ಫೋನಿನ ವ್ಯವಹಾರವೂ ಹೀಗೆಯೇ. ಚಿಪ್ಪಿನ ಬೆಲೆಯ ಜತೆ ಸ್ವಾಮ್ಯಹಕ್ಕಿನ ಶುಲ್ಕ ಬೇರೆ ಇರುತ್ತದೆ. ಕ್ವಾಲ್ಕಾಂ ತನ್ನ ಶುಲ್ಕವನ್ನು ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ ಶೇಕಡಾವಾರು ಹಾಕುವ ಪದ್ಧತಿಯಿಂದ ಹೆಸರಾಯಿತು. ಚೀನಾ 2015ರಲ್ಲಿ ಆ ಕಂಪನಿಗೆ 97.5 ಕೋಟಿ ಡಾಲರ್ ದಂಡ ಹಾಕಿತು. ಚೀನಾದಲ್ಲಿ ಮಾರುವ ಫೋನುಗಳಿಗೆ ನಿವ್ವಳ ಬೆಲೆಯ ಶೇ 65ರ ಮೇಲೆ ಮಾತ್ರ, 3ಜಿಗೆ ಶೇ 5, 4ಜಿಗೆ ಶೇ 3.5 ಎಂದು ಶುಲ್ಕ ಗೊತ್ತಾಯಿತು. ನಮ್ಮಲ್ಲಿ ಮೈಕ್ರೋಮ್ಯಾಕ್ಸ್ ದೂರಿನ ಮೇಲೆ ಸ್ಪರ್ಧಾ ಆಯೋಗ ಎರಿಕ್ಸನ್ ಕಂಪನಿಯ ಶುಲ್ಕಗಳ ತನಿಖೆಗೆ 2013ರಲ್ಲಿ ಆದೇಶಿಸಿತು. ಹತ್ತು ವರ್ಷಗಳ ವ್ಯಾಜ್ಯದ ನಂತರ, 2023ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಈ ವಿಷಯ ಪೇಟೆಂಟ್ ಕಾಯ್ದೆಗೆ ಸೇರಿದ್ದು, ಆಯೋಗಕ್ಕೆ ಅಧಿಕಾರವಿಲ್ಲ ಎಂದಿತು. ದೂರು ಕೊಟ್ಟ ಕಂಪನಿ ಅಷ್ಟರಲ್ಲಿ ಮಾರುಕಟ್ಟೆಯಿಂದಲೇ ಬಹುಮಟ್ಟಿಗೆ ಮರೆಯಾಗಿತ್ತು.

ಬೀಜದಲ್ಲಿ ಮಾತ್ರ ಸರ್ಕಾರ ಧೈರ್ಯ ತೋರಿತು. 2015ರ ಡಿಸೆಂಬರಿನಲ್ಲಿ ಹತ್ತಿಬೀಜ ಬೆಲೆ ನಿಯಂತ್ರಣ ಆದೇಶ ಹೊರಟಿತು. 2016ರಲ್ಲಿ 450 ಗ್ರಾಂ ಪೊಟ್ಟಣಕ್ಕೆ 800 ರೂಪಾಯಿ, ಅದರಲ್ಲಿ ತಂತ್ರಜ್ಞಾನ ಶುಲ್ಕ 49 ರೂಪಾಯಿ ಎಂದು ನಿಗದಿಯಾಯಿತು. 2020ರಲ್ಲಿ ಶುಲ್ಕವನ್ನೇ ತೆಗೆದುಹಾಕಲಾಯಿತು. ರೈತನಿಗೆ ಪೊಟ್ಟಣದ ಮೇಲೆ ಉಳಿತಾಯವಾದದ್ದು ನಿಜ. ಆದರೆ ಗುಲಾಬಿ ಕಾಯಿಕೊರಕ ಹಳೆಯ ವಂಶವಾಹಿಯನ್ನು ಜಯಿಸಿದಾಗ ಅದರ ಜಾಗಕ್ಕೆ ಹೊಸದು ಬರಲಿಲ್ಲ. ಖಾಸಗಿಯವರು ಹಿಂಜರಿದರು, ಸಾರ್ವಜನಿಕ ಸಂಶೋಧನೆ ಆ ತೆರವನ್ನು ತುಂಬಲಿಲ್ಲ. ಪರ್ಯಾಯ ಒಡೆತನ ಇಲ್ಲದ ಬೆಲೆ ನಿಯಂತ್ರಣ ಅರ್ಧ ಔಷಧಿ. ಚಿಪ್ಪಿನ ವಿಷಯದಲ್ಲಿ ಅಷ್ಟೂ ಸಾಧ್ಯವಿಲ್ಲ. ಬೀಜದವನಿಗೆ ಭಾರತದ ಹತ್ತಿ ಹೊಲ ಬಿಟ್ಟರೆ ಅಷ್ಟು ದೊಡ್ಡ ಮಾರುಕಟ್ಟೆ ಸಿಗದು, ಮೆಮೊರಿ ಮಾರುವವನಿಗೆ ದತ್ತಾಂಶ ಕೇಂದ್ರಗಳು ಸಾಲುಗಟ್ಟಿ ನಿಂತಿವೆ.

ಸರ್ಕಾರದ ಕೈಯಲ್ಲಿ ಇರುವ ಬಲ ಬೆಲೆ ಆದೇಶದ್ದಲ್ಲ, ಖರೀದಿಯದು. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ, ಬಸ್ ನಿರ್ವಾಹಕನ ಟಿಕೆಟ್ ಯಂತ್ರ, ವಿದ್ಯುತ್ ಬಿಲ್ ಕೊಡುವವನ ಕೈಯಂತ್ರ, ಅಂಗನವಾಡಿ ಕಾರ್ಯಕರ್ತೆಯ ಫೋನು, ಸಮೀಕ್ಷೆಯವರ ಟ್ಯಾಬ್ಲೆಟ್ ಇವೆಲ್ಲ ಕೈಸಾಧನಗಳೇ. ಇವುಗಳಿಗೆ ಮೂರು ನ್ಯಾನೊಮೀಟರಿನ ಚಿಪ್ ಬೇಡ. ಬಿಸಿಲು, ಧೂಳು, ದುರ್ಬಲ ಸಿಗ್ನಲ್ ತಾಳಿಕೊಂಡು ಆರೇಳು ವರ್ಷ ಬಾಳುವ, 28 ನ್ಯಾನೊಮೀಟರಿನ ಹಳೆಯ ತಂತ್ರದ ಚಿಪ್ ಸಾಕು. ಧೋಲೇರಾದಲ್ಲಿ ಕಟ್ಟುತ್ತಿರುವುದೂ 28ರಿಂದ 110 ನ್ಯಾನೊಮೀಟರಿನ ತಂತ್ರಕ್ಕೇ. ಪರವಾನಗಿ ಶುಲ್ಕವಿಲ್ಲದ ರಿಸ್ಕ್-ಫೈವ್ ವಿನ್ಯಾಸ ಭಾಷೆ ಈಗ ಲಭ್ಯವಿದೆ. ಅದರ ಮೇಲೆ ಮದ್ರಾಸ್ ಐಐಟಿಯ 'ಶಕ್ತಿ', ಸಿ-ಡ್ಯಾಕ್‌ನ 'ವೇಗ' ಸಂಸ್ಕಾರಕಗಳು ರೂಪುಗೊಂಡಿವೆ. ವಿನ್ಯಾಸಕಾರರು ಬೆಂಗಳೂರಿನಲ್ಲಿದ್ದಾರೆ, ಕಾರ್ಖಾನೆ ಗುಜರಾತಿನಲ್ಲಿ ಬರುತ್ತಿದೆ, ಖರೀದಿದಾರ ವಿಧಾನಸೌಧದಲ್ಲಿದ್ದಾನೆ. ಕಾಣೆಯಾಗಿರುವುದು ಈ ಮೂವರನ್ನು ಕೂಡಿಸುವ ಟೆಂಡರು.

ಟೆಂಡರ್ ಎಂದರೇನೆಂದು ನಾನು ಬಲ್ಲೆ. ಸೇವೆಯಲ್ಲಿದ್ದಾಗ ಎಷ್ಟೋ ಖರೀದಿ ಸಮಿತಿಗಳಲ್ಲಿ ಕುಳಿತಿದ್ದೇನೆ. ಕಳೆದ ಮೂರು ವರ್ಷಗಳ ವಹಿವಾಟು ಇಷ್ಟು ಕೋಟಿ ಇರಬೇಕು, ಇದೇ ಸಾಧನವನ್ನು ಇಷ್ಟು ಸಾವಿರ ಪೂರೈಸಿದ ಅನುಭವ ಇರಬೇಕು, ಕನಿಷ್ಠ ದರದವನಿಗೆ ಆದೇಶ. ಈ ಮೂರು ಸಾಲು ಸಾಕು, ಹೊಸಬನೊಬ್ಬ ಹೊಸ್ತಿಲು ದಾಟುವುದಿಲ್ಲ. ದೇಶೀಯ ಸರಕಿಗೆ ಆದ್ಯತೆ ನೀಡುವ 2017ರ ಕೇಂದ್ರದ ಆದೇಶ ಇದೆ. ಅದು ಮೌಲ್ಯದ ಎಷ್ಟು ಭಾಗ ಇಲ್ಲಿ ಸೇರಿತೆಂದು ಕೇಳುತ್ತದೆಯೇ ಹೊರತು ಒಳಗಿನ ಚಿಪ್ಪಿನ ವಿನ್ಯಾಸ ಯಾರದೆಂಬ ಪ್ರಶ್ನೆ ಅದರ ಮುಖ್ಯ ಕಾಳಜಿಯಲ್ಲ. ಹಾಗಾಗಿ ಕವಚ, ಬ್ಯಾಟರಿ, ಚಾರ್ಜರು, ಪೆಟ್ಟಿಗೆ ಸ್ಥಳೀಯವಾಗಿದ್ದರೆ ಅಂಕ ಸಿಕ್ಕೀತು. ಕರ್ನಾಟಕ 2010ರಷ್ಟು ಹಿಂದೆಯೇ ದೇಶದಲ್ಲಿ ಮೊದಲಿಗೆ ಪ್ರತ್ಯೇಕ ಸೆಮಿಕಂಡಕ್ಟರ್ ನೀತಿ ತಂದ ರಾಜ್ಯ. ಆ ನೀತಿಯ ದಾಖಲೆ ಒಂದು ಇಲಾಖೆಯ ಕಪಾಟಿನಲ್ಲಿ, ಖರೀದಿಯ ಕಡತ ಇನ್ನೊಂದು ಇಲಾಖೆಯ ಮೇಜಿನ ಮೇಲೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಹೊಸ ಚಿಪ್ಪಿನ ಸಾಧನ ಮೊದಲ ಕಂತಿನಲ್ಲಿ ದುಬಾರಿಯಾದೀತು, ಮಹಾಲೇಖಪಾಲರು ಆಕ್ಷೇಪ ಎತ್ತಿಯಾರು, ಸಾಧನ ಕೆಟ್ಟರೆ ಸಹಿ ಹಾಕಿದ ಅಧಿಕಾರಿ ಉತ್ತರ ಕೊಡಬೇಕಾದೀತು. ಮೂರೂ ನಿಜ. ಹಾಗೆಂದೇ ಇದನ್ನು ಅಧಿಕಾರಿಯೊಬ್ಬನ ವಿವೇಚನೆಗೆ ಬಿಡಬಾರದು, ಸಚಿವ ಸಂಪುಟವೇ ತೀರ್ಮಾನಿಸಿ ಹೆಚ್ಚುವರಿ ವೆಚ್ಚವನ್ನು ಆಯವ್ಯಯದಲ್ಲಿ ಬಹಿರಂಗವಾಗಿ ತೋರಿಸಬೇಕು. ಒಂದೇ ಸಲಕ್ಕೆ ಎಲ್ಲ ಇಲಾಖೆಗಳೂ ಬೇಡ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಟಿಕೆಟ್ ಯಂತ್ರಗಳೋ ಜೆಸ್ಕಾಂನ ಬಿಲ್ಲಿಂಗ್ ಯಂತ್ರಗಳೋ ಬದಲಾಗುವ ಹೊತ್ತು ಬಂದಾಗ, ಅವುಗಳ ಐದರಲ್ಲಿ ಒಂದು ಪಾಲನ್ನು ಚಿಪ್ ವಿನ್ಯಾಸದ ಹಕ್ಕು ದೇಶದೊಳಗಿರುವ ಸಾಧನಗಳಿಗೆ ಮೀಸಲಿಡಬಹುದು. ವಹಿವಾಟಿನ ಷರತ್ತಿನ ಬದಲು ಕ್ಷೇತ್ರಪರೀಕ್ಷೆಯ ಷರತ್ತು ಇರಲಿ: ಆರು ತಿಂಗಳು, ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ಬಿಸಿಲನ್ನೂ ಒಳಗೊಂಡು. ಗೆದ್ದ ವಿನ್ಯಾಸಕ್ಕೆ ಐದು ವರ್ಷಗಳ ಖರೀದಿಯ ಲಿಖಿತ ಭರವಸೆ ಇರಲಿ. ಆ ಪತ್ರವನ್ನು ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ, ಅಚ್ಚು ಹಾಕುವ ಕಾರ್ಖಾನೆ ಸರದಿಯಲ್ಲಿ ಜಾಗ ಕೊಡುತ್ತದೆ. ಮೆಮೊರಿಯನ್ನು ಆಗಲೂ ಕೊರಿಯಾದಿಂದಲೇ ತರಬೇಕು. ಅದಕ್ಕೆ ಇಲಾಖೆಗಳು ಬಿಡಿಬಿಡಿಯಾಗಿ ಪೇಟೆಯ ದರಕ್ಕೆ ಕೊಳ್ಳುವ ಬದಲು, ರಸಗೊಬ್ಬರವನ್ನು ಮುಂಗಾರಿಗೆ ಮುನ್ನ ದಾಸ್ತಾನು ಮಾಡುವಂತೆ, ರಾಜ್ಯದ ಎಲ್ಲ ಕೈಸಾಧನಗಳ ಮೂರು ವರ್ಷಗಳ ಅಗತ್ಯವನ್ನು ಕಿಯೋನಿಕ್ಸ್‌ನಂತಹ ಒಂದೇ ಸಂಸ್ಥೆ ಕೂಡಿಸಿ, ದರ ಇಳಿದ ಋತುವಿನಲ್ಲಿ ಕರಾರು ಮಾಡಿಕೊಳ್ಳಬಹುದು.